ಮೈದಾನಕ್ಕೆ ಓಡಿ ಬರುವ ಆ ‘ಫಿಸಿಯೊ’ ಆಗಲು ಏನು ಓದಬೇಕು?

ಪ್ರಶ್ನೆ: ನಾನು ಮದ್ದೂರಿನ ಹತ್ತಿರದ ಹಳ್ಳಿಯವಳು. ಎರಡನೇ ಪಿಯುಸಿ, ಪಿಸಿಎಂಬಿ. ಬರುವ ಮಾರ್ಚ್‌ಗೆ ಪರೀಕ್ಷೆ. ಆರನೇ ಕ್ಲಾಸಿನಿಂದ ಖೊ ಖೊ ಆಡುತ್ತೇನೆ, ಜಿಲ್ಲಾ ಮಟ್ಟದವರೆಗೂ ಹೋಗಿದ್ದೇನೆ. ಕಳೆದ ವರ್ಷ ಬಲಗಾಲಿನ ಆಂಕಲ್ ಎರಡು ಸಲ ಉಳುಕಿತು. ಎರಡು ಸಲವೂ ಸ್ಪ್ರೇ ಹೊಡೆದು, ಮನೆಯಲ್ಲಿ ಹುಣಸೆಹಣ್ಣು ಉಪ್ಪಿನ ಪಟ್ಟು ಹಾಕಿ, ಹದಿನೈದು ದಿನ ಕೂರಿಸಿದರು. ಈಗಲೂ ಕಂಬದ ಹತ್ತಿರ ತಿರುಗುವಾಗ ಕಾಲು ಮಡಚಿಕೊಳ್ಳುತ್ತೇನೋ ಅಂತ ಭಯ. ಟೀವಿಯಲ್ಲಿ ಆಟಗಾರರು ಬಿದ್ದ ತಕ್ಷಣ ಬ್ಯಾಗ್ ಹಿಡಿದು ಓಡಿ ಬರುತ್ತಾರಲ್ಲ, ಆ ಕೆಲಸ ಮಾಡಬೇಕು ಅಂತ ಆಸೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅದಕ್ಕೆ ‘ಅಥ್ಲೆಟಿಕ್ ಟ್ರೈನರ್’ ಅಂತಾರೆ, ನಾಲ್ಕು ವರ್ಷದ ಡಿಗ್ರಿ ಮಾಡಿ ಅಮೆರಿಕದ ಪರೀಕ್ಷೆ ಬರೆಯಬೇಕು ಅಂತಿದೆ. ಮೈಸೂರಿನ ಒಂದು ಕಡೆ ಮೂರು ತಿಂಗಳ ‘ಸರ್ಟಿಫೈಡ್ ಅಥ್ಲೆಟಿಕ್ ಟ್ರೈನರ್’ ಕೋರ್ಸ್ ಇದೆ, ಕೆಲಸ ಗ್ಯಾರಂಟಿ, ಅರವತ್ತು ಸಾವಿರ ಅಂದರು. ಅಪ್ಪ ಬಿ.ಪಿ.ಎಡ್. ಮಾಡು, ಪಿ.ಟಿ. ಟೀಚರ್ ಆಗಬಹುದು ಅಂತಾರೆ. ಚಿಕ್ಕಪ್ಪನ ಮಗ ಬಿಪಿಟಿ (ಫಿಸಿಯೊಥೆರಪಿ ಪದವಿ) ಅಂತಾನೆ. ಹುಡುಗಿ ತಂಡದ ಜೊತೆ ಊರೂರು ಅಲೆಯೋದು ಅಮ್ಮನಿಗೆ ಇಷ್ಟವಿಲ್ಲ. ಯಾವ ದಾರಿ ಸರಿ?

ಉತ್ತರ: ಮೊದಲು ದುಡ್ಡಿನ ವಿಷಯ. ಆ ಅರವತ್ತು ಸಾವಿರ ಕಟ್ಟಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ, ನಿಮಗಿನ್ನೂ ಸಮಯವಿದೆ.

ನಿಮ್ಮ ಗೊಂದಲವೆಲ್ಲ ಒಂದು ಹೆಸರಿನಿಂದ ಹುಟ್ಟಿದ್ದು. ‘ಅಥ್ಲೆಟಿಕ್ ಟ್ರೈನರ್’ ಎನ್ನುವುದು ಅಮೆರಿಕದಲ್ಲಿ ಪ್ರತ್ಯೇಕ ಆರೋಗ್ಯ ವೃತ್ತಿ. ಅಲ್ಲಿನ ವೈದ್ಯರ ಸಂಘ 1990ರಲ್ಲೇ ಅದನ್ನು ಹಾಗೆಂದು ಮಾನ್ಯ ಮಾಡಿದೆ. ಗಾಯವಾಗದಂತೆ ಮುಂಚೆಯೇ ನೋಡಿಕೊಳ್ಳುವುದು, ಆದ ಗಾಯ ಯಾವುದೆಂದು ಪತ್ತೆ ಹಚ್ಚುವುದು, ಜೀವಕ್ಕೆ ಕುತ್ತು ಬಂದ ಗಳಿಗೆಯನ್ನು ನಿಭಾಯಿಸುವುದು, ಚಿಕಿತ್ಸೆ ಕೊಟ್ಟು ಮತ್ತೆ ಆಟಕ್ಕೆ ತರುವುದು, ಇದೆಲ್ಲದರ ದಾಖಲೆ ಇಟ್ಟು ಹೊಣೆ ಹೊರುವುದು ಅವರ ಕೆಲಸ. ಜಿಮ್ಮಿನಲ್ಲಿ ಡಂಬೆಲ್ ಎತ್ತಿಸುವ ಟ್ರೈನರ್‌ಗೂ ಇದಕ್ಕೂ ಹೆಸರಿನಲ್ಲಿ ಹೋಲಿಕೆಯಿದೆ ಅಷ್ಟೆ. ಮೂರು ತಿಂಗಳ ಕೋರ್ಸಿನವರು ಬಂಡವಾಳ ಮಾಡಿಕೊಳ್ಳುವುದೂ ಆ ಹೋಲಿಕೆಯನ್ನೇ.

ನಮ್ಮ ದೇಶದಲ್ಲಿ ಆ ಹೆಸರಿನ ನೋಂದಾಯಿತ ವೃತ್ತಿ ಇಲ್ಲ. ಆದರೆ ಕೆಲಸ ಇದೆ, ನಾಲ್ಕೈದು ಜನರಲ್ಲಿ ಹಂಚಿಹೋಗಿದೆ. ಬಿದ್ದವರ ಹತ್ತಿರ ಓಡುವುದು, ಗಾಯ ನೋಡುವುದು, ವಾಸಿ ಮಾಡಿಸುವುದು ಸ್ಪೋರ್ಟ್ಸ್ ಫಿಸಿಯೊಥೆರಪಿಸ್ಟ್. ಬಲ, ವೇಗ, ತಾಳಿಕೆ ಕಟ್ಟುವುದು ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್. ಔಷಧ, ಇಂಜೆಕ್ಷನ್, ಸ್ಕ್ಯಾನ್‌ಗೆ ಬರೆಯುವುದು ವೈದ್ಯರು. ಮಸಾಜ್‌ಗೆ ಮಸ್ಯೂರ್. ಆಟ ಕಲಿಸುವುದು ಕೋಚ್. ಶಾಲೆ ಮಟ್ಟದಲ್ಲಿ ಇವರೆಲ್ಲರ ಕೆಲಸವೂ ಪಿ.ಟಿ. ಮೇಷ್ಟ್ರೊಬ್ಬರ ತಲೆಯ ಮೇಲೇ ಬೀಳುತ್ತದೆ, ಅದು ಬೇರೆ ಮಾತು.

ಹಾಗಾಗಿ ನೀವು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಬಿದ್ದ ಹುಡುಗಿಯ ಕಾಲನ್ನು ನಾನು ಮುಟ್ಟಬೇಕೋ, ಅವಳು ಬೀಳದಂತೆ ತಯಾರು ಮಾಡಬೇಕೋ, ಅಥವಾ ಅವಳಿಗೆ ಆಟ ಕಲಿಸಬೇಕೋ? ಓದು ಅಲ್ಲಿಂದಲೇ ಕವಲೊಡೆಯುತ್ತದೆ.

ನಿಮ್ಮ ಆಂಕಲ್‌ನಿಂದಲೇ ಶುರು ಮಾಡೋಣ

ಪುಸ್ತಕದ ಮಾತಿಗಿಂತ ನಿಮ್ಮ ಬಲಗಾಲೇ ಇದನ್ನು ಚೆನ್ನಾಗಿ ತಿಳಿಸುತ್ತದೆ. ಓಡುತ್ತಾ ಬಂದು ಕಂಬ ಹಿಡಿದು ತಿರುಗುವಾಗ ದೇಹದ ಭಾರವೆಲ್ಲ ಒಂದು ಪಾದದ ಹೊರ ಅಂಚಿಗೆ ಬಂತು, ಪಾದ ಒಳಕ್ಕೆ ಮಡಚಿತು. ಹೊರಗಿನ ಹರಡಿನ ಮುಂದೆ ಎಟಿಎಫ್‌ಎಲ್ ಎಂಬ ಸಣ್ಣ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಬಿಗಿಯುವ ಪಟ್ಟಿ ಇದೆ. ಆಂಕಲ್ ಉಳುಕಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ.

ಈಗ ಬ್ಯಾಗ್ ಹಿಡಿದು ಓಡಿ ಬಂದವರು ಏನು ಮಾಡುತ್ತಾರೆ ನೋಡಿ. ಸ್ಪ್ರೇ ತೆಗೆಯುವುದಿಲ್ಲ. ಮೊದಲು ಮುಖ ನೋಡುತ್ತಾರೆ: ಪ್ರಜ್ಞೆ ಇದೆಯೆ, ತಲೆಗೆ, ಕುತ್ತಿಗೆಗೆ ಪೆಟ್ಟಾಗಿದೆಯೆ. ಆಮೇಲೆ ಕಾಲು. ಮೂಳೆ ಮುರಿದಿರಬಹುದೆ, ಎಕ್ಸ್‌ರೇ ಬೇಕೆ ಎಂದು ತೀರ್ಮಾನಿಸಲು 1992ರಲ್ಲಿ ಕೆನಡಾದ ಆಟ್ಟವಾ ನಗರದ ವೈದ್ಯರು ಕೊಟ್ಟ ಒಂದು ವಿಧಾನವಿದೆ. ಹೊರ ಹರಡಿನ ತುದಿಯಿಂದ ಶುರುಮಾಡಿ ಮೂಳೆಯ ಹಿಂಬದಿಯ ಅಂಚನ್ನು ಮೇಲಕ್ಕೆ 6 ಸೆಂ.ಮೀ. ತನಕ ಬೆರಳಿನಿಂದ ಒತ್ತುತ್ತಾ ಹೋಗಬೇಕು. ಒಳ ಹರಡಿಗೂ ಹಾಗೆಯೇ. ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬನ್ನು, ಒಳಗಿನ ಕಮಾನಿನ ಮೇಲಿರುವ ನ್ಯಾವಿಕ್ಯುಲರ್ ಮೂಳೆಯನ್ನು ಒತ್ತಬೇಕು. ನಾಲ್ಕು ಹೆಜ್ಜೆ ನಡೆಸಿ ನೋಡಬೇಕು, ಕುಂಟಿದರೂ ಪರವಾಗಿಲ್ಲ. ಈ ಮೂಳೆಗಳ ಮೇಲೆ ಒತ್ತಿದಾಗ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಎಕ್ಸ್‌ರೇ. ಎರಡೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಊದಿಕೊಂಡಿರುವುದು ಎಷ್ಟು ದೊಡ್ಡದು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ನಮ್ಮಲ್ಲಿ ಎಲ್ಲರೂ ಮೊದಲು ನೋಡುವುದು ಅದನ್ನೇ.

ನಂತರ ಕ್ರೇಪ್ ಬ್ಯಾಂಡೇಜ್. ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತಬೇಕು, ಮೇಲಿನಿಂದ ಕೆಳಕ್ಕಲ್ಲ. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಬಣ್ಣ ಮರಳಬೇಕು, ಇಲ್ಲದಿದ್ದರೆ ಬಿಗಿಯಾಯಿತು ಎಂದರ್ಥ. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ, ಕಾಲು ದಿಂಬಿನ ಮೇಲೆ. ಮೊದಲ ಎರಡು ಮೂರು ದಿನ ಬಿಸಿನೀರಿನ ಶಾಖ, ಎಣ್ಣೆ ಹಚ್ಚಿ ಉಜ್ಜುವುದು, ಎಳೆದು ಕೂರಿಸುವುದು ಯಾವುದೂ ಬೇಡ. ಒಳಗೆ ಒಸರುತ್ತಿರುವ ರಕ್ತ ಅದರಿಂದ ಹೆಚ್ಚಾಗುತ್ತದೆ. ನಿಮ್ಮ ಮನೆಯ ಹುಣಸೆಹಣ್ಣಿನ ಪಟ್ಟು ಚರ್ಮ ಉರಿಸದಿದ್ದರೆ ದೊಡ್ಡ ಕೇಡೇನೂ ಮಾಡುವುದಿಲ್ಲ, ಲಿಗಮೆಂಟ್‌ಗೆ ಉಪಯೋಗವೂ ಇಲ್ಲ. ಸ್ಪ್ರೇ ಚರ್ಮವನ್ನು ತಣ್ಣಗೆ ಅಥವಾ ಬಿಸಿ ಮಾಡಿ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ. ಅಪಾಯ ಇರುವುದು ಅಲ್ಲಿಯೇ: ನೋವು ಮರೆತ ಕಾಲು ಮತ್ತೆ ಓಡುತ್ತದೆ.

ಹದಿನೈದು ದಿನ ಕೂರಿಸಿದರೂ ಮತ್ತೆ ಉಳುಕಿದ್ದು ಏಕೆ? ಲಿಗಮೆಂಟ್ ಬರೀ ಹಗ್ಗವಲ್ಲ. ‘ಪಾದ ಈಗ ಎಷ್ಟು ವಾಲಿದೆ’ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರದ ತುದಿಗಳು ಅದರೊಳಗಿವೆ. ಅದು ಹರಿದಾಗ ಸುದ್ದಿ ತಡವಾಗುತ್ತದೆ. ಪಾದವನ್ನು ಹೊರಕ್ಕೆ ಎಳೆದು ಉಳಿಸಬೇಕಾದ ಪೆರೋನಿಯಲ್ ಸ್ನಾಯುಗಳೂ ತಡವಾಗಿ ಎಚ್ಚರಗೊಳ್ಳುತ್ತವೆ. ಊತ ಇಳಿದು, ನೋವು ಹೋದರೂ ಈ ತಡ ಹೋಗಿರುವುದಿಲ್ಲ. ಅದಕ್ಕೆ ಬೇಕಾದ್ದು ಅಭ್ಯಾಸ: ಒಂಟಿಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು, ಮಡಚಿದ ಕಂಬಳಿಯ ಮೇಲೆ ನಿಂತು ಚೆಂಡು ಹಿಡಿಯುವುದು, ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು, ಆಮೇಲೆ ಕುಪ್ಪಳಿಸುವುದು, ಕೊನೆಗೆ ಕಂಬದ ಸುತ್ತ ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ವೇಗದಲ್ಲಿ ತಿರುಗುವುದು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಳತೆಗೋಲು ನಿಮ್ಮ ಎಡಗಾಲೇ. ಬಲಗಾಲು ಅದಕ್ಕೆ ಸಮ ಬರುವ ತನಕ ಅಂಕಣವಿಲ್ಲ.

ಇಷ್ಟರಲ್ಲಿ ಮೂಳೆ ಒತ್ತಿ ನಿರ್ಧಾರ ಮಾಡುವ, ಯಾವ ವಾರ ಯಾವ ಹಂತ ಎಂದು ಹೇಳುವ ಅಧಿಕಾರ ಫಿಸಿಯೊ ಮತ್ತು ವೈದ್ಯರದು. ಕುಪ್ಪಳಿಸುವ ಹಂತದಿಂದಾಚೆ ಕಂಡೀಷನಿಂಗ್ ಕೋಚ್ ಜೊತೆಯಾಗುತ್ತಾರೆ. ತಿರುಗುವ ತಂತ್ರ ತಿದ್ದುವುದು ಕೋಚ್. ಇಡೀ ಪಟ್ಟಿಯಲ್ಲಿ ನಿಮ್ಮ ಕಣ್ಣು ಯಾವುದರ ಮೇಲೆ ನಿಂತಿತು? ಪತ್ರ ಓದಿದರೆ ಮೊದಲ ಭಾಗದ ಮೇಲೆಯೇ ಎಂದು ತೋರುತ್ತದೆ. ಹಾಗಿದ್ದರೆ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸರಿ.

ಬಿಪಿಟಿ ದಾರಿ, ಅದರ ಒಳಿತು ಕೆಡುಕು

ಬ್ಯಾಚುಲರ್ ಆಫ್ ಫಿಸಿಯೊಥೆರಪಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ನಿಮಗಿದೆ. ಮೈಸೂರಿನಲ್ಲೇ ಜೆಎಸ್‌ಎಸ್ ಫಿಸಿಯೊಥೆರಪಿ ಕಾಲೇಜು ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ವಿಶ್ವವಿದ್ಯಾಲಯದ ಬಿಪಿಟಿ ಇದುವರೆಗೆ ನಡೆದುಬಂದಿರುವುದು ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಎಂದು. ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯಡಿ ಬಂದಿರುವ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮ ಅದನ್ನು ನಾಲ್ಕು ವರ್ಷ ಮತ್ತು ಒಂದು ಪೂರ್ತಿ ವರ್ಷದ ಇಂಟರ್ನ್‌ಶಿಪ್ ಮಾಡಿದೆ. ಪ್ರವೇಶಕ್ಕೆ ನೀಟ್ ಎಂದೂ ಹೇಳಿದೆ. ಆದ್ದರಿಂದ ‘ಬಿಪಿಟಿಗೆ ಸಿಇಟಿ ಸಾಕಂತೆ’ ಎಂಬ ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ. ಸಿಇಟಿ, ನೀಟ್ ಎರಡಕ್ಕೂ ಅರ್ಜಿ ಹಾಕಿ. ನೀಟ್ ಅರ್ಜಿಯ ಕಿಟಕಿ ನಿಮ್ಮ ಬೋರ್ಡ್ ಪರೀಕ್ಷೆಯ ತಯಾರಿಯ ಹೊತ್ತಿಗೇ ತೆರೆದು ಮುಚ್ಚಿಹೋಗುತ್ತದೆ, ಮರೆತರೆ ಒಂದು ವರ್ಷ ಹೋಯಿತು. ನಿಮ್ಮ ಸಾಲಿನ ಕೆಇಎ (ರಾಜ್ಯ ಪರೀಕ್ಷಾ ಪ್ರಾಧಿಕಾರ) ಪ್ರಕಟಣೆಯಲ್ಲಿ ಬಿಪಿಟಿ ಎಂದಿರುವ ಪುಟವನ್ನು ನೀವೇ ಓದಿ, ಸೈಬರ್ ಸೆಂಟರಿನವರ ಬಾಯಿಮಾತು ಬೇಡ. ಸರ್ಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ದೊಡ್ಡ ಅಂತರವಿದೆ. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಡಿಸೆಂಬರ್‌ನಲ್ಲೇ ನಾಡಕಚೇರಿಯಿಂದ, ಶಾಲೆಯಿಂದ ಮಾಡಿಸಿಟ್ಟುಕೊಳ್ಳಿ.

ಈ ಕಾಯ್ದೆಯಿಂದ ಇನ್ನೊಂದು ಮಾತು ಸ್ಪಷ್ಟವಾಗಿದೆ. ಫಿಸಿಯೊಥೆರಪಿ ಈಗ ನೋಂದಣಿ ಬೇಕಾದ ವೃತ್ತಿ. ನೋಂದಣಿಯಿಲ್ಲದೆ ಅದನ್ನು ಮಾಡುವುದು ಅಪರಾಧ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ಆಟಗಾರ್ತಿಯ ಮೊಣಕಾಲಿಗೆ ಚಿಕಿತ್ಸೆ ಕೊಟ್ಟು ಏನಾದರೂ ಎಡವಟ್ಟಾದರೆ, ಸರ್ಟಿಫಿಕೇಟ್ ಕೊಟ್ಟವರು ಕೋರ್ಟಿಗೆ ಬರುವುದಿಲ್ಲ.

ಬಿಪಿಟಿಯ ಬಗ್ಗೆ ಯಾರೂ ಮುಂಚೆ ಹೇಳದ ವಿಷಯ: ಮೊದಲ ಎರಡು ವರ್ಷ ಅಲ್ಲಿ ಆಟದ ವಾಸನೆಯೂ ಇರುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಶವಚ್ಛೇದನ, ಎಕ್ಸರ್‌ಸೈಜ್ ಥೆರಪಿ, ಎಲೆಕ್ಟ್ರೊಥೆರಪಿ. ಆಮೇಲೆ ವಾರ್ಡಿಗೆ ಹೋದರೂ ಕಾಣುವುದು ಪಾರ್ಶ್ವವಾಯು ಹೊಡೆದ ಅಜ್ಜ, ಮೊಣಕಾಲು ಸವೆದ ಅಜ್ಜಿ, ಐಸಿಯುನಲ್ಲಿ ಕಫ ತೆಗೆಸಬೇಕಾದವರು, ನಡೆಯಲು ಕಲಿಯಬೇಕಾದ ಮಗು. ‘ಸ್ಪೋರ್ಟ್ಸ್ ಫಿಸಿಯೊ ಆಗಲು ಬಂದೆ, ಇದೇನು’ ಎಂದು ಮೂರನೇ ವರ್ಷದಲ್ಲಿ ಮನಸ್ಸು ಮುರಿದುಕೊಳ್ಳುವವರು ಬಹಳ. ಆದರೆ ಕೈಗೆ ಕಣ್ಣು ಬರುವುದು ಅಲ್ಲಿಯೇ. ನೂರು ಆರೋಗ್ಯವಂತ ಮೊಣಕಾಲು, ನೂರು ಕೆಟ್ಟ ಮೊಣಕಾಲು ಮುಟ್ಟಿದ ಕೈಗೆ ನೂರಾ ಒಂದನೆಯದು ಹರಿದಿದೆಯೋ ಇಲ್ಲವೋ ತಿಳಿಯುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಅದರ ಜೊತೆಗಿರುವ ಆಸ್ಪತ್ರೆ ನೋಡಿ. ಮೂಳೆ ವಿಭಾಗದ ಹೊರರೋಗಿಗಳ ಸಾಲು ಉದ್ದವಿದೆಯೆ? ನಾಲ್ಕನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ‘ದಿನಕ್ಕೆ ಎಷ್ಟು ರೋಗಿಗಳನ್ನು ನೀವೇ ಪರೀಕ್ಷಿಸುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೆ’ ಎಂದು ಕೇಳಿ. ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಬಿಪಿಟಿ ಆದ ಮೇಲೆ ಎರಡು ವರ್ಷದ ಎಂಪಿಟಿ, ಅಂದರೆ ಫಿಸಿಯೊಥೆರಪಿಯ ಸ್ನಾತಕೋತ್ತರ. ನಮ್ಮ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಮಸ್ಕ್ಯುಲೊಸ್ಕೆಲಿಟಲ್ ಮತ್ತು ಸ್ಪೋರ್ಟ್ಸ್ ಒಂದೇ ವಿಭಾಗದಲ್ಲಿ ಬರುತ್ತವೆ. ಎಂಪಿಟಿ ಇಲ್ಲದೆ ಸ್ಪೋರ್ಟ್ಸ್ ಫಿಸಿಯೊ ಆಗಲು ಸಾಧ್ಯವಿಲ್ಲವೆ? ಸಾಧ್ಯ. ಆದರೆ ಕ್ರೀಡಾ ಪ್ರಾಧಿಕಾರ, ರಾಷ್ಟ್ರೀಯ ಶಿಬಿರ, ದೊಡ್ಡ ಫ್ರಾಂಚೈಸಿಗಳ ಬಾಗಿಲಲ್ಲಿ ಎಂಪಿಟಿ ಅಥವಾ ವರ್ಷಗಟ್ಟಲೆ ಅನುಭವ, ಎರಡರಲ್ಲಿ ಒಂದನ್ನು ಕೇಳುತ್ತಾರೆ. ಬಿಪಿಟಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಎಂಪಿಟಿ ಮಾಡುವುದು ಉತ್ತಮ ಎಂದು ನನ್ನ ಅಭಿಪ್ರಾಯ. ಏನು ಗೊತ್ತಿಲ್ಲ ಎಂಬುದು ಗೊತ್ತಾದ ಮೇಲೆ ಓದಿದ್ದು ಹತ್ತುತ್ತದೆ.

ಡಿಗ್ರಿ ಕಲಿಸದ, ಮೈದಾನ ಕೇಳುವ ಮೂರು ಕಸುಬು ಇವೆ. ಒಂದು, ತುರ್ತು ಚಿಕಿತ್ಸೆ. ಓಡುತ್ತಿದ್ದವರು ಯಾರೂ ತಾಗದೆ ಧೊಪ್ಪನೆ ಬಿದ್ದರೆ, ಬೇರೆಯದು ಎಂದು ಗೊತ್ತಾಗುವ ತನಕ ಅದು ಹೃದಯಸ್ತಂಭನ. ನಿಮಿಷಕ್ಕೆ 100ರಿಂದ 120 ಒತ್ತು, 5–6 ಸೆಂ.ಮೀ. ಆಳ, ಮೂವತ್ತು ಒತ್ತಿಗೆ ಎರಡು ಉಸಿರು, ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ತರಲು ಇನ್ನೊಬ್ಬರು. ಕಬಡ್ಡಿಯಲ್ಲಿ ತಲೆಗೆ ತಲೆ ಹೊಡೆದು ಒಂದು ಗಳಿಗೆ ಮಂಕಾದ ಆಟಗಾರ ಆ ದಿನ ಮತ್ತೆ ಆಡಬಾರದು, ಫೈನಲ್ ಆದರೂ ಸರಿ. ಏಪ್ರಿಲ್ ಬಿಸಿಲಿನ ಶಿಬಿರದಲ್ಲಿ ಮೈ ಕಾದು ಬಡಬಡಿಸುತ್ತಿರುವವನನ್ನು ಮೊದಲು ನೀರಿನ ತೊಟ್ಟಿಯಲ್ಲಿ ತಣಿಸಿ, ಆಮೇಲೆ ಆಂಬುಲೆನ್ಸಿಗೆ ಹತ್ತಿಸಬೇಕು. ಈ ಕ್ರಮ ಹಿಂದುಮುಂದಾದರೆ ಜೀವ ಹೋಗುತ್ತದೆ.

ಎರಡನೆಯದು ಟೇಪಿಂಗ್. ಪಾದ ಕಾಲಿಗೆ ನೇರ ಕೋನದಲ್ಲಿರಬೇಕು, ಚರ್ಮದ ಮೇಲೆ ತೆಳು ಅಂಡರ್‌ರ‍್ಯಾಪ್, ಅದರ ಮೇಲೆ 3.8 ಸೆಂ.ಮೀ. ಅಗಲದ ಗಟ್ಟಿ ಜಿಂಕ್ ಆಕ್ಸೈಡ್ ಟೇಪ್. ಹರಡಿನ ಮೇಲೆ ಸುಮಾರು ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ಆಂಕರ್ ಎಂಬ ಆಧಾರದ ಸುತ್ತು, ಅಲ್ಲಿಂದ ಒಳಗಿನ ಕಡೆ ಇಳಿದು ಹಿಮ್ಮಡಿಯ ಕೆಳಗಿಂದ ಹೊರಗಿನ ಕಡೆ ಮೇಲಕ್ಕೆ ಸ್ಟಿರಪ್ ಎಂಬ ಪಟ್ಟಿ. ಈ ದಿಕ್ಕು ತಪ್ಪಿದರೆ, ಯಾವ ಕಡೆಗೆ ಕಾಲು ಮಡಚಬಾರದೋ ಆ ಕಡೆಗೇ ಟೇಪ್ ಎಳೆಯುತ್ತದೆ. ಒಂದು ಸುಕ್ಕು ಉಳಿದರೂ ಮೊದಲ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಬೊಬ್ಬೆ. ಆಡಿದ ಅರ್ಧ ಗಂಟೆಯಲ್ಲಿ ಟೇಪಿನ ಬಿಗಿ ಸಾಕಷ್ಟು ಸಡಿಲವಾಗುತ್ತದೆ. ಆದ್ದರಿಂದ ಅದು ಒಂಟಿಕಾಲಿನ ಅಭ್ಯಾಸಕ್ಕೆ ಬದಲಿಯಲ್ಲ. ನೂರು ಕಾಲಿಗೆ ಸುತ್ತಿದ ಮೇಲೆ ಮೂರು ನಿಮಿಷದ ಕೆಲಸ, ಅಲ್ಲಿಯ ತನಕ ಇಪ್ಪತ್ತು ನಿಮಿಷ.

ಮೂರನೆಯದು ಉದ್ದೀಪನ ಮದ್ದಿನ ನಿಯಮ. ನಮ್ಮ ಊರುಗಳಲ್ಲಿ ಸುಸ್ತು ಎಂದರೆ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು ವಾಡಿಕೆ. ಪರೀಕ್ಷೆಗೊಳಪಡುವ ಆಟಗಾರರಿಗೆ, ಆಸ್ಪತ್ರೆಯ ಸರಿಯಾದ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆಯ ಪರೀಕ್ಷೆ ಬಿಟ್ಟರೆ, 12 ಗಂಟೆಯಲ್ಲಿ 100 ಮಿ.ಲೀ. ಮೀರಿದ ಡ್ರಿಪ್ ನಿಷಿದ್ಧ. ಬಾಟಲಿಯಲ್ಲಿರುವುದು 500. ನೆಗಡಿ ಮಾತ್ರೆಯಲ್ಲಿರುವ ಸ್ಯೂಡೊಎಫೆಡ್ರಿನ್‌ಗೂ ಸ್ಪರ್ಧೆಯ ಸಮಯದಲ್ಲಿ ಮಿತಿಯಿದೆ. ‘ಗೊತ್ತಿರಲಿಲ್ಲ’ ಎಂದರೆ ಆಟಗಾರ್ತಿ ಶಿಕ್ಷೆಯಿಂದ ಉಳಿಯುವುದಿಲ್ಲ. ಮದ್ದು ಕೊಟ್ಟ ಸಹಾಯಕ ಸಿಬ್ಬಂದಿಯೂ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ.

ಅಪ್ಪನ ಬಿ.ಪಿ.ಎಡ್.

ಅಪ್ಪ ಹೇಳುತ್ತಿರುವುದು ತಪ್ಪಲ್ಲ, ಅದು ಬೇರೆ ಕೆಲಸ. ಬಿ.ಪಿ.ಎಡ್. ಯಾವುದಾದರೂ ಪದವಿಯ ನಂತರದ ಎರಡು ವರ್ಷದ ಕೋರ್ಸ್, ದೈಹಿಕ ಶಿಕ್ಷಣ ಶಿಕ್ಷಕರಾಗಲು. ಕಾಲೇಜಿನಲ್ಲಿ ನಿರ್ದೇಶಕರಾಗಬೇಕಾದರೆ ಎಂ.ಪಿ.ಎಡ್. ಜೊತೆ ನೆಟ್ ಅಥವಾ ಕೆ-ಸೆಟ್. ಮಾನಸಗಂಗೋತ್ರಿಯಲ್ಲೇ ವಿಭಾಗವಿದೆ, ಮನೆಗೆ ಹತ್ತಿರ. ಸರ್ಕಾರಿ ನೇಮಕಾತಿ ಯಾವಾಗ ಕರೆಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ, ಕಾಯುವ ವರ್ಷಗಳ ಲೆಕ್ಕವನ್ನೂ ಅಪ್ಪನ ಜೊತೆ ಹಾಕಿ. ಕೋಚ್ ಆಗಬೇಕೆಂದಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಎನ್‌ಐಎಸ್ ಡಿಪ್ಲೊಮಾ. ಇವೆರಡರಲ್ಲೂ ಗಾಯದ ಮೇಲೆ ಕೈಯಿಡುವ ಅಧಿಕಾರ ಬರುವುದಿಲ್ಲ.

ಕಂಡೀಷನಿಂಗ್ ಕೋಚ್ ಆಗುವ ಮನಸ್ಸು ಮುಂದೆ ಬಂದರೆ ಕ್ರೀಡಾ ವಿಜ್ಞಾನದ ಪದವಿಗಳಿವೆ. ಚೆನ್ನೈನ ಶ್ರೀ ರಾಮಚಂದ್ರ, ಮಣಿಪಾಲ ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ಪದವಿಯ ಮೇಲೆ ಅಮೆರಿಕದ ಸಂಸ್ಥೆಯ ಸಿಎಸ್‌ಸಿಎಸ್ ಎಂಬ ಕಂಡೀಷನಿಂಗ್ ಕೋಚ್ ಪರೀಕ್ಷೆ ಬರೆಯಬಹುದು, ಇಲ್ಲಿನ ತಂಡಗಳು ಅದಕ್ಕೆ ಬೆಲೆ ಕೊಡುತ್ತವೆ. ಬಿಪಿಟಿ ಮಾಡಿದವರಿಗೂ ಈ ಬಾಗಿಲು ತೆರೆದಿರುತ್ತದೆ. ಕ್ರೀಡಾ ವಿಜ್ಞಾನ ಮಾಡಿದವರಿಗೆ ಫಿಸಿಯೊ ಬಾಗಿಲು ತೆರೆಯುವುದಿಲ್ಲ. ತೀರ್ಮಾನ ಗಟ್ಟಿಯಾಗದ ಹದಿನೆಂಟರ ವಯಸ್ಸಿನಲ್ಲಿ ಇದೂ ಒಂದು ಲೆಕ್ಕ.

ಅಮೆರಿಕದ ಆಸೆ

ನೀವು ಓದಿದ ‘ನಾಲ್ಕು ವರ್ಷದ ಡಿಗ್ರಿ’ ಹಳೆಯ ಸಂಗತಿ. 2022ರ ನಂತರ ಅಲ್ಲಿ ಈ ವೃತ್ತಿಗೆ ಪದವಿ ಮಟ್ಟದ ಹೊಸ ಪ್ರವೇಶ ನಿಂತುಹೋಗಿದೆ, ಈಗ ಮಾಸ್ಟರ್ಸ್ ಬೇಕು. ಮೊದಲು ಒಂದು ಪದವಿ, ಅದರಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಅನಾಟಮಿ, ಫಿಸಿಯಾಲಜಿ ಓದಿರಬೇಕು. ಆಮೇಲೆ ಸಿಎಎಟಿಇ ಎಂಬ ಮಂಡಳಿಯ ಮಾನ್ಯತೆ ಪಡೆದ, ಸಾಮಾನ್ಯವಾಗಿ ಎರಡು ವರ್ಷದ ಸ್ನಾತಕೋತ್ತರ. ಆಮೇಲೆ ಬಿಒಸಿ ಎಂಬ ಅಥ್ಲೆಟಿಕ್ ಟ್ರೈನರ್ ಪ್ರಮಾಣೀಕರಣ ಪರೀಕ್ಷೆ, ಕೊನೆಗೆ ಕೆಲಸ ಮಾಡುವ ರಾಜ್ಯದ ಪರವಾನಗಿ. ಭಾರತದ ಬಿಪಿಟಿ ಹಿಡಿದು ನೇರವಾಗಿ ಬಿಒಸಿ ಪರೀಕ್ಷೆಗೆ ಕೂರಲಾಗದು. ಅಲ್ಲಿ ‘ಫಿಸಿಕಲ್ ಥೆರಪಿಸ್ಟ್’ ಎನ್ನುವುದು ಇನ್ನೊಂದೇ ವೃತ್ತಿ, ಅದರ ಪರೀಕ್ಷೆಯೂ ಬೇರೆ. ಏಜೆಂಟರು ಎರಡನ್ನೂ ಕಲಸಿ ಹೇಳುತ್ತಾರೆ, ಎಚ್ಚರ.

ಓದು ಮುಗಿದ ಮೇಲೆ ಸಾಮಾನ್ಯವಾಗಿ 12 ತಿಂಗಳ ಓಪಿಟಿ (ಓದಿದವರು ಅಲ್ಲೇ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ), ಆಮೇಲೆ ಎಚ್1ಬಿ ಎಂಬ ಕೆಲಸದ ವೀಸಾದ ಲಾಟರಿ. ಸಾಲ ಮಾಡಿ ಹೋಗುವವರು ಆ ಲಾಟರಿ ತಪ್ಪಿದ ದಿನದ ಲೆಕ್ಕವನ್ನು ಹೋಗುವ ಮೊದಲೇ ಹಾಕಬೇಕು. ವಾಪಸು ಬಂದರೆ ಆ ಅಮೆರಿಕನ್ ಅರ್ಹತೆಯ ಮೇಲೆ ಇಲ್ಲಿ ಫಿಸಿಯೊ ಎಂದು ನೋಂದಣಿ ಸಿಗುವುದಿಲ್ಲ. ಇಲ್ಲಿ ಬರೀ ಬಿ.ಎಸ್ಸಿ. ಮಾಡಿ ಅಲ್ಲಿಗೆ ಹೋದವರು ಆಗ ತ್ರಿಶಂಕು. ಬಿಪಿಟಿ ಮಾಡಿ ಹೋದವರಿಗೆ ಇಲ್ಲಿನ ನೆಲ ಕಾಲಡಿ ಇರುತ್ತದೆ. ಅಮೆರಿಕದ ಆಸೆ ಉಳಿಸಿಕೊಳ್ಳಿ, ಆದರೆ ಬಿಪಿಟಿ ಅದಕ್ಕೂ ಮೊದಲ ಮೆಟ್ಟಿಲೇ. ಬಿಪಿಟಿ ಓದುವಾಗ ಪ್ರತಿ ವಿಷಯದ ಪಠ್ಯಕ್ರಮ, ಗಂಟೆಗಳ ವಿವರ ಇರುವ ಕಾಗದಗಳನ್ನು ಜೋಪಾನ ಮಾಡಿ, ಮೌಲ್ಯಮಾಪನದವರು ಅದನ್ನೇ ಕೇಳುತ್ತಾರೆ.

ಆ ಮೂರು ತಿಂಗಳ ಕೋರ್ಸ್‌ಗೆ ಮೂರು ಪ್ರಶ್ನೆ ಕೇಳಿ ನೋಡಿ, ಕುತೂಹಲಕ್ಕೆ. ಈ ಸರ್ಟಿಫಿಕೇಟ್‌ನಿಂದ ಯಾವ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆ? ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಗಂಟೆ, ಗಾಯಗೊಂಡವರನ್ನು ನಾನೇ ಪರೀಕ್ಷಿಸುತ್ತೇನೆ? ಗ್ಯಾರಂಟಿ ಕೆಲಸದ ಹುದ್ದೆಯ ಹೆಸರು ಏನು, ಬರೆದುಕೊಡುತ್ತೀರಾ? ಮೂರನೆಯದಕ್ಕೆ ಬರುವ ಉತ್ತರ ಬಹುತೇಕ ‘ಫಿಟ್‌ನೆಸ್ ಟ್ರೈನರ್, ಜಿಮ್’. ಜಿಮ್ ಕೆಲಸ ಕೀಳೇನಲ್ಲ, ಆದರೆ ಅದನ್ನೇ ಮಾಡುವುದಾದರೆ ಅದೇ ಹೆಸರಿನಲ್ಲಿ, ಅದಕ್ಕಿರುವ ಮಾನ್ಯ ಕೋರ್ಸ್‌ನಲ್ಲಿ ಕಲಿಯಬಹುದು.

ಇನ್ನೊಂದು ಉಪಾಯ. ಭಾರತೀಯ ಕ್ರೀಡಾ ಪ್ರಾಧಿಕಾರ, ಖೇಲೊ ಇಂಡಿಯಾ ಹಾಕಿರುವ ಹಳೆಯ ಫಿಸಿಯೊಥೆರಪಿಸ್ಟ್ ಹುದ್ದೆಯ ಜಾಹೀರಾತುಗಳನ್ನು ಡೌನ್‌ಲೋಡ್ ಮಾಡಿ, ‘ಅರ್ಹತೆ’ ಎಂಬ ಕಲಂ ಮಾತ್ರ ಓದಿ. ಮೂರು ತಿಂಗಳ ಕೋರ್ಸ್‌ನ ಹೆಸರು ಅಲ್ಲಿ ಸಿಗುವುದಿಲ್ಲ.

ಅಮ್ಮನ ಮಾತು, ಸಂಬಳದ ಮಾತು

ಅಮ್ಮನ ಆತಂಕವನ್ನು ಹಳೆಕಾಲದ್ದು ಎಂದು ತಳ್ಳಿಹಾಕಬೇಡಿ, ಅದಕ್ಕೆ ಉತ್ತರವಿದೆ. ಹುಡುಗಿಯರ ತಂಡಗಳು ಹೆಚ್ಚಾದಷ್ಟೂ ಮಹಿಳಾ ಫಿಸಿಯೊಗಳ ಅಗತ್ಯ ಹೆಚ್ಚುತ್ತಿದೆ. ತೊಡೆಸಂದಿನ ಸ್ನಾಯು ಹರಿದ ಹದಿನಾರರ ಹುಡುಗಿ ಗಂಡಸರ ಹತ್ತಿರ ಹೇಳಿಕೊಳ್ಳದೆ ಆಡಿಬಿಡುತ್ತಾಳೆ, ನಿಮ್ಮ ಹತ್ತಿರ ಹೇಳುತ್ತಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಿಮ್ಮ ಆಟ ಈಗ ಮ್ಯಾಟ್ ಮೇಲೆ, ಟೀವಿ ಮುಂದೆ ಬಂದಿದೆ, ತಂಡದ ಹಿಂದೆ ನಿಲ್ಲುವವರೂ ಬೇಕಾಗುತ್ತಾರೆ. ಪ್ರವಾಸದ ಕೆಲಸ ಒಪ್ಪುವಾಗ ಕರಾರು ಬರಹದಲ್ಲಿರಲಿ: ಪ್ರತ್ಯೇಕ ಕೊಠಡಿ, ದಿನಭತ್ಯೆ, ಯಾರಿಗೆ ವರದಿ ಮಾಡಬೇಕು. ಹದಿನೆಂಟರ ಒಳಗಿನವರಿಗೆ ಚಿಕಿತ್ಸೆ ಕೊಡುವಾಗ ಬಾಗಿಲು ತೆರೆದಿರಲಿ, ಇನ್ನೊಬ್ಬ ಹಿರಿಯರು ಇರಲಿ. ಅದು ಅವರಿಗೂ ರಕ್ಷಣೆ, ನಿಮಗೂ ರಕ್ಷಣೆ. ಅಲೆಯುವುದೇ ಬೇಡವೆಂದರೆ ಕ್ಲಿನಿಕ್, ಕ್ರೀಡಾ ವಸತಿ ನಿಲಯ, ಅಕಾಡೆಮಿಗಳಿವೆ.

ಸಂಬಳ ಶುರುವಿನಲ್ಲಿ ಕಡಿಮೆ. ಬಿಪಿಟಿ ಮುಗಿಸಿದ ಹೊಸಬರು ಮೊದಲ ಕೆಲವು ವರ್ಷ ಕ್ಲಿನಿಕ್‌ನಲ್ಲಿ ದುಡಿದು, ಸಂಜೆ ಮನೆ ಭೇಟಿ ಮಾಡಿ ತಿಂಗಳು ಸಾಗಿಸುತ್ತಾರೆ. ತಂಡದ ಕೆಲಸ ಬಹುಪಾಲು ಗುತ್ತಿಗೆ, ಸೀಸನ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ತಂಡದ ಜೊತೆ ಹೋಗುವವರಲ್ಲಿ ಅನೇಕರು ಊರಿನಲ್ಲೊಂದು ಕ್ಲಿನಿಕ್ ಇಟ್ಟುಕೊಂಡೇ ಹೋಗುತ್ತಾರೆ. ಅಪ್ಪನಿಗೆ ಇದನ್ನು ಮುಚ್ಚಿಡದೆ ಹೇಳಿ. ಮಂಡ್ಯದಲ್ಲಿ ಕಬ್ಬು ಬೆಳೆಯುವವರಿಗೆ, ಹಣ ಕೈಗೆ ಬರುವುದು ತಡವಾಗಬಹುದು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈಗ ಮಾರ್ಚ್ ತನಕ ಪಾಠದ ಪುಸ್ತಕ ಹಿಡಿಯಿರಿ, ಜೀವಶಾಸ್ತ್ರ ಮತ್ತು ಭೌತಶಾಸ್ತ್ರ ಎರಡೂ ಮುಂದೆ ನಿತ್ಯ ಬೇಕಾಗುತ್ತವೆ. ಬಲ, ಸನ್ನೆ, ತಿರುಗುಬಲದ ಅಧ್ಯಾಯ ಬಿಟ್ಟವರು ಬಯೊಮೆಕ್ಯಾನಿಕ್ಸ್‌ನಲ್ಲಿ ಒದ್ದಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಮಾಡಿ. ದಸರಾ ಕ್ರೀಡಾಕೂಟದ ಹೊತ್ತಿಗೆ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋಗಿ ಆಟ ನೋಡಬೇಡಿ, ಗೆರೆಯಾಚೆ ಬ್ಯಾಗ್ ಇಟ್ಟುಕೊಂಡು ಕೂತವರನ್ನು ನೋಡಿ. ಬಹುಪಾಲು ಹೊತ್ತು ಅವರು ಏನೂ ಮಾಡುತ್ತಿರುವುದಿಲ್ಲ, ಸುಮ್ಮನೆ ಹೆಜ್ಜೆಗಳನ್ನು ನೋಡುತ್ತಿರುತ್ತಾರೆ. ಆ ಕೂರುವಿಕೆ ನಿಮಗೆ ಬೇಸರ ತರುತ್ತದೆಯೋ ಇಲ್ಲವೋ ಎಂದು ಗಮನಿಸಿ.

ಅದಕ್ಕೂ ಮೊದಲು ನಿಮ್ಮ ಆಂಕಲ್. ಎರಡು ಸಲ ಉಳುಕಿ ಇನ್ನೂ ಭಯ ಉಳಿದಿದ್ದರೆ ಅದು ಮನಸ್ಸಿನ ಭಯವಷ್ಟೇ ಅಲ್ಲ, ಕೀಲು ಸಡಿಲವಾಗಿರಬಹುದು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ, ಅಲ್ಲಿಂದ ಫಿಸಿಯೊಥೆರಪಿಗೆ ಬರೆಸಿಕೊಳ್ಳಿ. ಅಲ್ಲಿನವರು ಒಂದು ಕೈಯಲ್ಲಿ ಕಣಕಾಲು ಹಿಡಿದು, ಇನ್ನೊಂದು ಕೈಯಲ್ಲಿ ಹಿಮ್ಮಡಿಯನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಆಮೇಲೆ ಎಡಗಾಲಿಗೂ ಅದನ್ನೇ ಮಾಡುತ್ತಾರೆ. ಎರಡರಲ್ಲಿ ಏನು ವ್ಯತ್ಯಾಸ ಸಿಕ್ಕಿತು ಎಂದು ಕೇಳಿ.